ಬೆಳ್ಳಿ ರಿಸರ್ವಿಗೆ ಬಿದ್ದ ದಿನ

ಜನರೇಟರು ನಿಂತಿದ್ದು ಬೆಳಗ್ಗೆ ಒಂಬತ್ತು ನಲವತ್ತಕ್ಕೆ. ಎರಡು ಸಲ ಕೆಮ್ಮುತು. ಒಂದ್ಸಲ ಮೈ ಕೊಡವುತು. ಸುಮ್ಗಾಯ್ತು.

ಮಳವಳ್ಳಿ ದಾಟಿ ವಸಿ ಮುಂದಕ್ಕೆ ಹೋದ್ರೆ ಗುಡ್ಡದ ಮೇಲೆ ಒಂದು ದೊಡ್ಡ ಬಾಣಲೆ ಕಾಣ್ತದೆ. ಬೋಂಡ ಕರಿಯೋ ಬಾಣಲೆ ಅಲ್ಲ. ಮೂರಂತಸ್ತಿನ ಮನೆಯಷ್ಟು ಅಗಲ, ಆಕಾಶಕ್ಕೆ ಬಾಯಿ ಬುಟ್ಕಂಡು ನಿಂತಿರೋ ಆಂಟೆನಾ. ಸುತ್ತಿನ ಊರೋರು ಆ ಜಾಗಕ್ಕೆ ಬಾಣಲೆ ಆಫೀಸು ಅಂತಲೇ ಕರೀತಾರೆ. ಅಲ್ಲಿಂದ ಮಾತಾಡೋದು ಯಾರ ಜೊತೆ ಅಂತೀರಿ? ಶುಕ್ರ ಗ್ರಹದ ಸುತ್ತ ಹನ್ನೊಂದು ವರ್ಷದಿಂದ ಗಾಣದೆತ್ತಿನ ಥರ ಸುತ್ತುತಾ ಇರೋ ಒಂದು ನೌಕೆ ಜೊತೆ. ಶುಕ್ರನ್ನ ನಮ್ಮ ಕಡೆ ಬೆಳ್ಳಿ ಅಂತೀವಲ್ಲ, ನೌಕೆಗೂ ಅದೇ ಹೆಸರು. ಬೆಳ್ಳಿ.

ಆವತ್ತು ಒಂಬತ್ತಕ್ಕೆ ಕರೆಂಟು ತೆಗೆದಿದ್ರು. ಲೈನ್ ರಿಪೇರಿ, ಸಾಯಂಕಾಲ ಐದರವರೆಗೆ ಇರಲ್ಲ ಅಂತ ಎರಡು ದಿನ ಮುಂಚೇನೇ ಪೇಪರಲ್ಲಿ ಹಾಕಿದ್ರು. ಹೆದರೋ ಮಾತೇ ಇರಲಿಲ್ಲ. ಐನೂರು ಲೀಟರಿನ ಟ್ಯಾಂಕು, ಮುಳ್ಳು ನಾನೂರ ಎಂಬತ್ತು ತೋರಿಸ್ತಾ ಅದೆ. ಅಂಥಾ ಜನರೇಟರು ನಲವತ್ತೇ ನಿಮಿಷಕ್ಕೆ ನಿಂತೋಯ್ತು.

ಎಲ್ಲ ಹಿಂದಿನ ಶೆಡ್ಡಿಗೆ ಓಡುದ್ರು. ಟ್ಯಾಂಕಿನ ಸುತ್ತ ಕಬ್ಬಿಣದ ಜಾಲರಿ. ಜಾಲರಿ ಬೀಗ ಮುರಿದು ನೆಲದ ಮೇಲೆ ಬಿದ್ದಿತ್ತು. ಎಣ್ಣೆ ಹುಯ್ಯೋ ಬಾಯಿಗೆ ಕೋಲು ಬುಟ್ಟು ನೋಡುದ್ರು. ತಳ ಕಟಕಟ ಅಂತು. ಮುಳ್ಳು ಮಾತ್ರ ಇನ್ನೂ ನಾನೂರ ಎಂಬತ್ತರಲ್ಲೇ ನಿಂತ್ಕಂಡು ಹಲ್ಲು ಕಿಸೀತಾ ಇತ್ತು.

ಜನರೇಟರ್ ನೋಡ್ಕಳ್ಳೋ ಶಬ್ರೀನಳ ಸ್ಕೂಟರು ಶೆಡ್ಡಿನ ಪಕ್ಕದಲ್ಲೇ ಇತ್ತು. ಅದರ ಹಿಂದೆ ಎರಡು ಕ್ಯಾನು, ಒಂದು ಮಾರು ಪೈಪು. ಮೂಗಿಗೆ ಬಡಿಯೋ ಹಂಗೆ ಡೀಸೆಲ್ ವಾಸನೆ.

"ನೋಡುದ್ರಾ?" ಅಂದ ಆಡಳಿತಾಧಿಕಾರಿ, ಅಂದ್ರೆ ಎ.ಓ., ಸಿದ್ದರಾಮು. "ಪೊಲೀಸ್ನೋರಿಗೆ ಫೋನ್ ಮಾಡಿ."

*

ಬಂದೋಳು ಎ.ಎಸ್.ಐ. ಮರಿತಾಯಮ್ಮ. ಐವತ್ತೊಂಬತ್ತು ದಾಟಿತ್ತು. ರಿಟೈರಾಗಕ್ಕೆ ಮೂರು ತಿಂಗಳು. ಸ್ಟೇಶನ್ನಿನ ಹೈಕಳು ಹಿಂದಿನಿಂದ ಅವಳನ್ನ "ರಿಸರ್ವ್ ಅಮ್ಮ" ಅಂತಿದ್ರು. ರಿಸರ್ವಿಗೆ ಬಿದ್ದ ಗಾಡಿ, ಯಾವಾಗ ಬೇಕಾದ್ರೂ ನಿಲ್ತದೆ ಅಂತ. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ರೂ ಸುಮ್ಮನಿದ್ಲು. ಸುಮ್ಮನಿರೋದು ಅಂದ್ರೆ ಒಪ್ಕಳ್ಳೋದು ಅಂತಲ್ಲ, ತಿಳ್ಕಳಿ.

ಜೀಪು ನಿಲ್ಸೋ ಹೊತ್ತಿಗೇ ಇನ್ಸ್‌ಪೆಕ್ಟರ ಫೋನು.

"ಮರಿತಾಯಮ್ಮ, ದೊಡ್ಡ ಕೇಸೇನಲ್ಲ. ಆ ಹುಡುಗೀನ ಕರ್ಕಂಡು ಬನ್ನಿ. ಶೆಡ್ ಸೀಲ್ ಮಾಡಿ. ಜೀಪು ಒಂದು ಗಂಟೆಗೆ ಬೇಕು, ಬಂದೋಬಸ್ತ್ ಅದೆ."

"ನೋಡ್ತೀನಿ ಸಾರ್."

"ನೋಡೋದೇನಮ್ಮ? ಕರ್ಕಂಡು ಬನ್ನಿ ಅಂದೆ."

"ನೋಡೇ ಕರ್ಕಂಡು ಬತ್ತೀನಿ ಸಾರ್."

ಡ್ರೈವರ್ ಸ್ವರೂಪ್ ನಗು ನುಂಗಿಕಂಡ.

ಶಬ್ರೀನ್ ಮೆಟ್ಟಿಲ ಮೇಲೆ ಕೂತಿದ್ಲು. ಮೂವತ್ತರ ಹೆಂಗಸು. ಕೈಯೆಲ್ಲ ಮಸಿ. ಅಪ್ಪಂದು ಮದ್ದೂರಲ್ಲಿ ಡೀಸೆಲ್ ಪಂಪ್ ರಿಪೇರಿ ಅಂಗಡಿ. ಆಯುಧ ಪೂಜೆಯ ಮಾರನೇ ದಿನ ಇಲ್ಲಿ ಕೆಲಸಕ್ಕೆ ಸೇರಿದ್ದು. ಇವತ್ತಿಗೆ ಆರು ದಿನ.

"ನೀನೇ ತಗಂಡ್ಯೇನಮ್ಮ?" ಅಂದ್ಲು ಮರಿತಾಯಮ್ಮ.

"ನಾನೂರು ಲೀಟರ್ ಈ ಸ್ಕೂಟರಲ್ಲಿ ಸಾಗಿಸ್ಬೇಕು ಅಂದ್ರೆ ಹತ್ತು ಸಲ ಓಡಾಡ್ಬೇಕು ಮೇಡಂ. ಗೇಟಲ್ಲಿರೋ ಜವರಯ್ಯ ಏನು ನಕ್ಷತ್ರ ಎಣಿಸ್ತಿದ್ನಾ?"

"ಕ್ಯಾನು ನಿಂದೇ?"

"ನಂದಲ್ಲ. ಬೆಳಗ್ಗೆ ಎಂಟೂವರೆಗೆ ನಾನು ಸ್ಕೂಟರು ನಿಲ್ಸಿದಾಗ ಇರಲಿಲ್ಲ."

"ಅಂಗಡಿ ಮನೇಲಿ ಹುಟ್ಟಿದೋಳು. ಟ್ಯಾಂಕು ಬಡಿದ್ರೆ ಗೊತ್ತಾಗ್ತಿತ್ತಲ್ಲವ್ವ, ಖಾಲಿನೋ ತುಂಬಿರೋದೋ."

"ಬಡಿಯಕ್ಕೆ ಬುಟ್ಟೋರು ಯಾರು? ಜಾಲರಿ ಬೀಗದ ಕೈ ಎ.ಓ. ಸಾಹೇಬ್ರ ಡ್ರಾದಲ್ಲಿ. ಮುಳ್ಳು ಅಲ್ಲಾಡ್ತಿಲ್ಲ ಸಾರ್, ವಸಿ ಬೀಗ ತೆಗೀರಿ ಅಂತ ಮೂರು ಸಲ ಕೇಳಿದ್ದೀನಿ. ಹೊಸ ಮುಳ್ಳು, ನಿಧಾನಕ್ಕೆ ಇಳೀತದೆ ಅಂದ್ರು." ಶಬ್ರೀನ್ ಕೈ ಒರೆಸ್ಕಂಡ್ಲು. "ಮೇಡಂ, ನಾನು ಒಳಕ್ಕೆ ಹೋದ್ರೆ ನಮ್ಮಪ್ಪನ ಅಂಗಡಿ ಮುಂದೆ ಒಬ್ನೂ ಗಾಡಿ ನಿಲ್ಸಲ್ಲ. ಕಳ್ಳಿ ಅಪ್ಪ ಅಂತಾರೆ. ಅದಕ್ಕೋಸ್ಕರ ಹೇಳ್ತಾ ಅವ್ನಿ. ಅಳಕ್ಕಲ್ಲ."

ಅಳಲೂ ಇಲ್ಲ. ಮರಿತಾಯಮ್ಮಂಗೆ ಅದು ಹಿಡಿಸ್ತು.

*

ಬಾಣಲೆ ಆಫೀಸಿನ ಒಳಗೆ ಕಂಪ್ಯೂಟರುಗಳು ಬ್ಯಾಟರಿ ಮೇಲೆ ಮಿಣಮಿಣ ಅಂತಿದ್ದೋ. ಆದ್ರೆ ಬಾಣಲೆ ಬ್ಯಾಟರಿಗೆ ಬಗ್ಗೋ ಆಸಾಮಿ ಅಲ್ಲ. ಅದಕ್ಕೆ ಜನರೇಟರೇ ಬೇಕು.

ಯಶೋದಮ್ಮ ಗಡಿಯಾರ ನೋಡ್ತಾ ನಿಂತಿದ್ರು. ಅರವತ್ತೆರಡು ವರ್ಷ, ರಿಟೈರಾದ ಮೇಲೂ ಬೆಳ್ಳಿಗೋಸ್ಕರ ಉಳ್ಕಂಡೋರು. ಬಸರಾಳಿನೋರು. ಬೆಳ್ಳಿ ಹೊಟ್ಟೇಲಿ ಇನ್ನೆಷ್ಟು ಎಣ್ಣೆ ಅದೆ ಅಂತ ಹನ್ನೊಂದು ವರ್ಷದಿಂದ ಲೆಕ್ಕ ಇಟ್ಟಿರೋರು ಇವರೇ.

"ನಿಮ್ಮ ಕಳ್ಳನ್ನ ನೀವು ಹಿಡ್ಕಳಿ," ಅಂದ್ರು ಯಶೋದಮ್ಮ. "ನಂಗೆ ಎರಡೂವರೆ ಗಂಟೆ ಕರೆಂಟು ಬೇಕು. ನಾಲ್ಕಕ್ಕೆ ಶುಕ್ರ ಮುಳುಗ್ತಾನೆ. ಒಂದು ಗಂಟೆ ಒಳಗೆ ಶುರು ಮಾಡದಿದ್ರೆ ಮುಗೀತು."

"ಮುಗೀತು ಅಂದ್ರೆ?"

"ನಾಳೆ ಬೆಳಗ್ಗೆ ಬೆಳ್ಳಿನ ಶುಕ್ರದ ಮೋಡದೊಳಕ್ಕೆ ಮುಳುಗ್ಸಿ ಸುಟ್ಟು ಹಾಕ್ತಾರೆ. ಬೆಂಗಳೂರಿನೋರ ಆರ್ಡರು. ಎಣ್ಣೆ ಅರ್ಧ ಕೆಜಿಗಿಂತ ಕಮ್ಮಿ ಆದ್ರೆ ತಿರುಗ್ಸಕ್ಕಾಗಲ್ಲ, ಅದಕ್ಕೆ ಮುಂಚೆ ಮರ್ಯಾದೆಯಾಗಿ ಕಳಿಸ್ಬುಡೋದು ಅಂತ."

"ಇರೋದೆಷ್ಟು?"

"ಪುಸ್ತಕ ಒಂದು ಕೆಜಿ ಅಂತದೆ. ಒತ್ತಡದ ಮೀಟರು ಒಂದೂವರೆ ಅಂತದೆ. ನಾನು ಐದು ಅಂತೀನಿ."

"ಪುಸ್ತಕನೂ ಮೀಟರೂ ಸುಳ್ಳು, ನೀವೊಬ್ರೇ ನಿಜ?"

ಯಶೋದಮ್ಮ ಮೊದಲನೇ ಸಲ ಅವಳ ಮುಖ ನೋಡುದ್ರು. "ಮೊದಲನೇ ವರ್ಷ ದಾರಿ ತಿದ್ದಕ್ಕೆ ಬೆಳ್ಳಿ ಎಂಜಿನ್ನ ಒಂದು ದೊಡ್ಡ ಉರಿ ಉರಿಸಿದ್ವಿ. ಅದು ಅರ್ಧಕ್ಕೇ ಆರೋಯ್ತು ಅಂತ ನಂಗೆ ಅನುಮಾನ. ಪುಸ್ತಕದಲ್ಲಿ ಪೂರ್ತಿ ಖರ್ಚು ಅಂತ ಬರ್ಕಂಡವ್ರೆ. ಮೀಟರು ಮುದಿಯಾಗದೆ. ಪುಸ್ತಕ ಬರೆದೋನು ಮನುಷ್ಯ, ಮೀಟರು ಮಾಡಿದೋನೂ ಮನುಷ್ಯ. ಶಾಖ ಮಾತ್ರ ಸುಳ್ಳು ಹೇಳಲ್ಲ."

"ಶಾಖ?"

"ನಿಮ್ಮನೇಲಿ ನೀರೊಲೆ ಮೇಲೆ ಹಂಡೆ ಇತ್ತಾ?"

"ಇತ್ತು."

"ತುಂಬಿದ ಹಂಡೆ ಬೇಗ ಕಾಯ್ತದೋ, ತಳದಲ್ಲಿ ಚೊಂಬು ನೀರಿರೋ ಹಂಡೆ ಬೇಗ ಕಾಯ್ತದೋ?"

"ತಳದಲ್ಲಿರೋದು. ಮುಟ್ಟಿದ್ರೆ ಕೈ ಸುಡ್ತದೆ."

"ಅಷ್ಟೇ. ಬೆಳ್ಳಿ ಟ್ಯಾಂಕಿಗೆ ಒಂದು ಪುಟ್ಟ ಹೀಟರಿದೆ. ಹಚ್ಚಬೇಕು, ಎಷ್ಟು ಬೇಗ ಬಿಸಿ ಏರ್ತದೆ ನೋಡಬೇಕು. ಬೇಗ ಏರಿದ್ರೆ ಖಾಲಿ. ನಿಧಾನ ಏರಿದ್ರೆ ಎಣ್ಣೆ ಅದೆ. ಈ ಒಂದು ಪರೀಕ್ಷೆಗೆ ಮೂರು ತಿಂಗಳು ಕಾಗದ ಬರೆದು ಜಗಳ ಆಡಿ ಪರ್ಮಿಶನ್ ತಗಂಡೆ. ಇವತ್ತೊಂದೇ ದಿನ. ಹೀಟರ್ ಹಚ್ಚಿ ಅರ್ಧ ಗಂಟೆ ಆಗಿಲ್ಲ, ಜನರೇಟರ್ ನಿಂತೋಯ್ತು. ಹೀಟರು ತಾನೇ ಆರ್ಕಳ್ತದೆ, ಬೆಳ್ಳಿಗೆ ಅಪಾಯ ಇಲ್ಲ. ಆದ್ರೆ ಮೊದಲಿಂದ ಶುರು ಮಾಡ್ಬೇಕು."

"ಕರೆಂಟಿರೋ ದಿನ ಇಟ್ಕಬೋದಿತ್ತಲ್ಲ?"

"ಸಿದ್ದರಾಮು ಕೂಡ ಅದನ್ನೇ ಅಂದ. ನಿನ್ನೆ ಎರಡು ಸಲ ಬಂದ. ಮೇಡಂ ನಾಳೆ ಬ್ಯಾಡ, ನಾಡಿದ್ದು ಇಟ್ಕಳಿ ಅಂತ. ನಾಡಿದ್ದಕ್ಕೆ ಬೆಳ್ಳಿನೇ ಇರಲ್ಲ ಕಣಯ್ಯ ಅಂದೆ."

ಮರಿತಾಯಮ್ಮ ಅದನ್ನ ಮನಸ್ಸಲ್ಲೇ ಒಂದು ಗಂಟು ಹಾಕಿ ಇಟ್ಕಂಡ್ಲು.

*

ಗೇಟಿನ ಜವರಯ್ಯಂಗೆ ಹೇಳಕ್ಕೆ ಬೇಕಾದಷ್ಟಿತ್ತು.

"ಬೆಳಗಿನ ಜಾವ ಒಂದು ಟೆಂಪೋ ಬಂತು ಕಣಕ್ಕ. ಗೇಟ್ ತಾವ್ಲೇ ನಿಂತ್ಕತು."

ಮರಿತಾಯಮ್ಮ ಕಿವಿ ಚುರುಕಾಯ್ತು. "ಯಾವ ಟೆಂಪೋ?"

"ಹಾಲಿಂದು. ದಿನಾ ಬತ್ತದೆ."

"ಥೂ. ಅದನ್ನ ಮೊದ್ಲೇ ಹೇಳ್ಬಾರ್ದಾ? ಸಂಜೆಯಿಂದ ಬೆಳಗ್ಗೆಗಂಟ ಡೀಸೆಲ್ ಹೊತ್ಕಂಡು ಯಾರಾದ್ರೂ ಆಚೆಗೋದ್ರಾ?"

"ನನ್ನ ಕಣ್ಣ್ ಮುಂದೆ ಒಂದ್ ಚೊಂಬೂ ಓಗಿಲ್ಲ. ಮಕ್ಕಳ ಆಣೆ."

"ಬೆಳಗ್ಗೆ ಮೊದ್ಲು ಬಂದೋರ್ಯಾರು?"

"ಎ.ಓ. ಸಾಹೇಬ್ರು. ಏಳಕ್ಕೇ ಬಂದ್ರು. ದಿನಾ ಅತ್ತಕ್ಕೆ ಬರೋರು. ಪಾಪ, ತಿಂಡಿನೂ ತಿಂದಿರಲಿಲ್ಲ."

ಸಿದ್ದರಾಮು ತನ್ನ ರೂಮಲ್ಲಿ ಫ್ಯಾನಿಲ್ಲದೆ ಬೆವರು ಒರೆಸ್ಕತಾ ಕೂತಿದ್ದ. ಇಸ್ತ್ರಿ ಷರ್ಟು, ಹಣೆಗೆ ವಿಭೂತಿ. ಮಾತು ಬೆಣ್ಣೆ.

"ಪರೀಕ್ಷೆ ಅಂತ ಬೇಗ ಬಂದೆ ಮೇಡಂ. ನಂಗೂ ಜವಾಬ್ದಾರಿ ಇಲ್ವಾ? ಆಯುಧ ಪೂಜೆ ಹಿಂದಿನ ದಿನ ಟ್ಯಾಂಕರ್ ಬಂದು ತುಂಬಿಸ್ತು. ಪೂಜೆ ದಿನ ನಾನೂರ ಎಂಬತ್ತು ಲೀಟರ್ ಅಂತ ನಾನೇ ಬರೆದು ಸಹಿ ಹಾಕಿದ್ದೀನಿ. ನೋಡಿ. ಈ ಆರು ದಿನದಲ್ಲಿ ಜನರೇಟರ್ ಓಡಿದ್ದು ಆರು ಗಂಟೆ, ಗಂಟೆಗೆ ಹತ್ತು ಲೀಟರ್. ಮಿಕ್ಕಿದ್ದು ಏನಾಯ್ತು? ಆ ಹುಡುಗಿ ಮುಳ್ಳನ್ನೂ ಕೆಡ್ಸಿ ಕದ್ದವಳೆ."

"ಯಶೋದಮ್ಮನೋರ ಮೇಲೇನಾದ್ರೂ ಅನುಮಾನ ಅದ್ಯಾ?"

ಸಿದ್ದರಾಮು ದನಿ ಇಳಿಸ್ದ. "ನಾನು ಹೇಳಿದೆ ಅಂತ ಬ್ಯಾಡ. ಐದು ಕೆಜಿ ಅಂತ ಊರೆಲ್ಲ ಸಾರ್ಕಂಡವ್ರೆ. ಪರೀಕ್ಷೆ ನಡೆದು ಒಂದೇ ಕೆಜಿ ಅಂತ ಬಂದ್ರೆ ಮಾನ ಹೋಗ್ತದಲ್ಲ. ಪರೀಕ್ಷೆನೇ ನಡೀದಿದ್ರೆ... ತಿಳೀತಲ್ಲ."

ಮರಿತಾಯಮ್ಮ ತಲೆ ಆಡಿಸಿದ್ಲು. ಒಬ್ಬ ಮನುಷ್ಯ ಐದು ನಿಮಿಷದಲ್ಲಿ ಇಬ್ಬರು ಕಳ್ಳರನ್ನ ಕೊಟ್ಟ ಅಂದ್ರೆ, ಮೂರನೆಯೋನನ್ನ ಬಚ್ಚಿಡ್ತಾ ಅವನೆ ಅಂತ ಅವಳ ಅನುಭವ. ಆದ್ರೆ ಅನುಭವ ಕೋರ್ಟಲ್ಲಿ ನಡೆಯಲ್ಲ.

ಗಂಟೆ ಹನ್ನೊಂದೂವರೆ.

*

ತಲೆ ಓಡದಿದ್ರೆ ಕಾಫಿ ಕುಡೀಬೇಕು. ಮರಿತಾಯಮ್ಮ ಕ್ಯಾಂಟೀನಿಗೆ ಹೋದ್ಲು. ಅಲ್ಲಿ ಅಡುಗೆ ಪಟ್ಟಲಮ್ಮಂದು. ಒಲೆ ಮೇಲೆ ಉಪ್ಸಾರು ಕುದೀತಾ ಇತ್ತು. ಪಟ್ಟಲಮ್ಮ ಗ್ಯಾಸ್ ಸಿಲಿಂಡರಿಗೆ ಬೈತಾ ಇದ್ಲು.

"ಮುದ್ದೆ ಎಸರಿಗಂಟ ಬತ್ತದೋ ಇಲ್ವೋ ಮುಂಡೇದು. ತಡೀ, ನೋಡ್ತೀನಿ."

ಚೊಂಬಲ್ಲಿ ಬಿಸಿನೀರು ತಗಂಡು ಸಿಲಿಂಡರಿನ ಒಂದು ಪಕ್ಕಕ್ಕೆ ಮೇಲಿಂದ ಸುರುದ್ಲು. ವಸಿ ಹೊತ್ತು ಬುಟ್ಟು ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರುತ್ತಾ ಬಂದ್ಲು. ಒಂದು ಕಡೆ ಕೈ ನಿಂತ್ಕತು.

"ಇಲ್ಲಿಗಂಟ ಅದೆ. ಗೇಣುದ್ದ. ಸಾಕು ಬುಡು."

"ಎಂಗ್ ಗೊತ್ತಾಯ್ತು?"

"ಪೊಲೀಸ್ ಆಗಿ ಇಷ್ಟೂ ಗೊತ್ತಿಲ್ವಾ? ಗ್ಯಾಸ್ ಇರೋ ತಾವು ತಣ್ಣಗಿರ್ತದೆ, ಇಲ್ಲದ ತಾವು ಬೆಚ್ಚಗಾಯ್ತದೆ. ಮಳೆಗಾಲದಲ್ಲಿ ನೀರು ಸುರಿಯೋದೂ ಬ್ಯಾಡ, ಗ್ಯಾಸ್ ಇರೋಗಂಟ ತಾನೇ ಬೆವ್ರಾಕ್ಕಂಡಿರ್ತದೆ."

ಮರಿತಾಯಮ್ಮ ಕಾಫಿ ಲೋಟ ಕೆಳಗಿಟ್ಲು. ಹಂಡೆ. ಸಿಲಿಂಡರು. ಬೆಳ್ಳಿ ಟ್ಯಾಂಕು. ಮೂರಕ್ಕೂ ಒಂದೇ ಕಥೆ.

"ಪಟ್ಟಲಮ್ಮ, ಡೀಸೆಲ್ ಟ್ಯಾಂಕಿಗೆ ಪೂಜೆ ಮಾಡಿದ್ದು ಯಾರವ್ವ?"

"ಇನ್ಯಾರು, ನಾನೇಯ. ಈ ಆಫೀಸಲ್ಲಿ ಸ್ಕ್ರೂಡ್ರೈವರಿಗೂ ಅರಿಸಿನ ಕುಂಕುಮ ಹಚ್ಚೋಳು ನಾನೇ. ವರ್ಸೆಲ್ಲ ಆ ಜಾಲರಿಗೆ ಬೀಗ ಆಕಿರ್ತನೆ ಸಾಹೇಬ. ಆಯುಧ ಪೂಜೆ ದಿನ ಬೀಗ ತೆಗೀದೆ ಇರಕಾಯ್ತದಾ? ನಾನು ಬುಟ್ಟೇನಾ?"

"ಬಾ ನನ್ ಜೊತೆ."

*

ಶೆಡ್ಡಿನಲ್ಲಿ ಮರಿತಾಯಮ್ಮ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತ್ಲು. ಚೌಕಾಕಾರದ ಟ್ಯಾಂಕು, ಎದೆಮಟ್ಟ. ನಾಲ್ಕು ಮೂಲೆಗೂ ಮೇಲಿಂದ ಕೆಳಗಿನವರೆಗೆ ಸಾಲಾಗಿ ಕುಂಕುಮದ ಬೊಟ್ಟು. ಒಂದೊಂದು ಸಾಲಿಗೆ ಹದಿನಾಲ್ಕು. ಒಣಗಿದ ಚೆಂಡುಹೂವಿನ ಹಾರ ಇನ್ನೂ ನೇತಾಡ್ತಾ ಇತ್ತು.

ಮೇಲಿನ ಹನ್ನೆರಡು ಬೊಟ್ಟು ದುಂಡಗೆ, ಕಾಸಿನ ಥರ ಇದ್ದೋ. ಕೆಳಗಿನ ಎರಡು ಕರಗಿ, ಕೆಂಪಗೆ ಸೋರಿ, ಗೆರೆಗೆರೆಯಾಗಿ ನೆಲ ಮುಟ್ಟಿದ್ದೋ. ಒಂದು ಮೂಲೆ ಅಲ್ಲ. ನಾಲ್ಕು ಮೂಲೇಲೂ ಹಂಗೇ.

"ಕೆಳಗಿನವು ಯಾಕಿಂಗಾದೋ?"

"ಅಯ್ಯೋ, ಅವತ್ತು ಬೆಳಗ್ಗೆ ಎಂಟಕ್ಕೆ ಇಟ್ಟೆ. ತುಂತುರು ಬೇರೆ. ಕೆಳಗಡೆ ತಗಡು ಬೆವ್ರಿ ಬೆವ್ರಿ ಕುಂಕುಮ ನಿಲ್ತಾನೇ ಇರಲಿಲ್ಲ. ಮೇಲ್ಗಡೆ ಒಣಕಲು, ಚೆನ್ನಾಗಿ ಕೂತ್ಕತು."

ಮರಿತಾಯಮ್ಮ ಎದ್ದು ನಿಂತ್ಲು. ಮೊಣಕಾಲು ಲಟಕ್ ಅಂತು. ಇನ್ನೊಂದು ಬೇಕಾಗಿತ್ತು. ಟ್ಯಾಂಕಿನ ತಲೆ ಮೇಲೆ ಮುಳ್ಳಿನ ಡಬ್ಬಿ, ಅದನ್ನ ಬಿಗಿದಿದ್ದ ಆರು ಬೋಲ್ಟು. ಬಗ್ಗಿ ಹತ್ತಿರದಿಂದ ನೋಡುದ್ಲು. ನೋಡಿ ಮೆಲ್ಲಗೆ ಒಂದು ನಗೆ ನಕ್ಕು, ಮೊಬೈಲಲ್ಲಿ ಎಲ್ಲದರ ಫೋಟೋ ಹೊಡ್ಕಂಡ್ಲು.

ಗಂಟೆ ಹನ್ನೆರಡು ಹತ್ತು. ಕಳ್ಳ ಸಿಕ್ಕಿದ. ಬೆಳ್ಳಿಗೆ ಡೀಸೆಲ್ ಸಿಕ್ಕಿರಲಿಲ್ಲ. ಬಂಕಿಗೆ ಹೋಗಿ ತರೋ ಅಷ್ಟು ಹೊತ್ತೂ ಇರಲಿಲ್ಲ.

"ಸ್ವರೂಪ," ಅಂದ್ಲು. "ಜೀಪಲ್ಲಿ ಎಷ್ಟದೆ?"

"ನಿನ್ನೆ ತಾನೇ ಹಾಕ್ಸಿದ್ದು ಮೇಡಂ. ಮೂವತ್ತೈದು ಲೀಟರಿಗೆ ಮೋಸ ಇಲ್ಲ."

"ಇಳಿಸು."

"ಏನಿಳಿಸ್ಲಿ?"

"ಡೀಸೆಲ್ ಕಣ್ಲಾ. ಪೂರ್ತಿ."

ಸ್ವರೂಪ್ ಬಾಯಿ ಬುಟ್ಕಂಡು ನಿಂತ. "ಸರ್ಕಾರಿ ಜೀಪು ಮೇಡಂ. ಒಂದು ಗಂಟೆಗೆ ಬಂದೋಬಸ್ತು. ಇನ್ಸ್‌ಪೆಕ್ಟರ್ ಸಾಹೇಬ್ರು ನನ್ನ ಚರ್ಮ ಸುಲೀತಾರೆ."

"ನಂದು ಸುಲೀಲಿ. ಮೂರು ತಿಂಗಳಿಗೆ ಇನ್ನೆಷ್ಟು ಚರ್ಮ ಬೇಕು ನಂಗೆ? ಏ ಶಬ್ರೀನ್, ಬಾ ಇಲ್ಲಿ. ಟ್ಯಾಂಕಿಗೆ ಒಂದು ತೊಟ್ಟು ಹಾಕಂಗಿಲ್ಲ, ಅದು ಸಾಕ್ಷಿ. ಬೇರೆ ದಾರಿ ಅದ್ಯಾ?"

ಶಬ್ರೀನ್ ಆಗಲೇ ತೋಳು ಮಡಿಚಿದ್ಲು. "ಜನರೇಟರಿನ ಪೈಪು ಬಿಚ್ಚಿ ನೇರ ಕ್ಯಾನಿಗೆ ಬುಡ್ತೀನಿ. ಗಾಳಿ ತೆಗೆದ್ರೆ ಹತ್ತು ನಿಮಿಷಕ್ಕೆ ಸ್ಟಾರ್ಟು."

ಸಿದ್ದರಾಮು ಓಡಿ ಬಂದ. "ಏನ್ ಮೇಡಂ ಇದು? ಆಪಾದಿತೆ ಕೈಗೇ ಜನರೇಟರ್ ಕೊಡ್ತೀರಾ? ಇನ್ಸ್‌ಪೆಕ್ಟರಿಗೆ ಫೋನ್ ಮಾಡ್ತೀನಿ."

"ಮಾಡಿ. ನನ್ನ ಹೆಸರು ಮರಿತಾಯಮ್ಮ. ತಾಯಿಗೆ ದೀರ್ಘ ಇಲ್ಲದೆ ಬರೀಬೇಡಿ."

ಹನ್ನೆರಡು ನಲವತ್ತಕ್ಕೆ ಜನರೇಟರ್ ಹೊಗೆ ಉಗುಳಿ ಎದ್ದು ನಿಂತ್ಕತು. ಬಾಣಲೆ ಕಿರ್ರ್ ಅಂತ ಕತ್ತು ತಿರುಗಿಸ್ತು. ಯಶೋದಮ್ಮ ಒಳಗಿಂದ ಆಚೆ ಬರಲೇ ಇಲ್ಲ. ಥ್ಯಾಂಕ್ಸ್ ಅನ್ನೋಕೂ ಅವರಿಗೆ ಪುರುಸೊತ್ತಿರಲಿಲ್ಲ.

*

ಒಂದು ಗಂಟೆಗೆ ಸರಿಯಾಗಿ ಇನ್ಸ್‌ಪೆಕ್ಟರ ಫೋನು.

"ಮರಿತಾಯಮ್ಮ, ಜೀಪೆಲ್ಲಿ?"

"ಇಲ್ಲೇ ಅದೆ ಸಾರ್."

"ಹೊರಟಿಲ್ವಾ?"

"ಹೊರಡಲ್ಲ ಸಾರ್. ಎಣ್ಣೆ ಇಲ್ಲ."

"ನಿನ್ನೆ ತಾನೇ ಫುಲ್ ಮಾಡ್ಸಿದ್ದು."

"ಕಳ್ಳನ್ನ ಹಿಡಿಯಕ್ಕೆ ಖರ್ಚಾಯ್ತು ಸಾರ್. ಬರೆದು ಕೊಡ್ತೀನಿ." ಅಂದು ಫೋನು ಇಟ್ಟುಬುಟ್ಲು. ನಲವತ್ತು ವರ್ಷದ ಸರ್ವೀಸಲ್ಲಿ ಮೇಲಿನೋರ ಫೋನು ಅವಳು ಮೊದಲು ಇಟ್ಟಿದ್ದು ಅದೇ ಮೊದಲ್ನೇ ಸಲ. ಮನಸ್ಸಿಗೆ ಹಿತವಾಗಿತ್ತು.

ಎಲ್ಲರನ್ನೂ ಯಶೋದಮ್ಮನ ರೂಮಿಗೇ ಕರೆಸಿದ್ಲು. ಹೀಟರ್ ಹಚ್ಚಿ ಅಂತ ಕಳಿಸಿದ ಮಾತು ಬೆಳ್ಳಿಗೆ ಮುಟ್ಟಕ್ಕೆ ಎಂಟು ನಿಮಿಷ, ಉತ್ತರ ಬರಕ್ಕೆ ಎಂಟು ನಿಮಿಷ. ಆಮೇಲೆ ಶಾಖದ ಗೆರೆ ಎಳೀತಾ ಹೋಗಬೇಕು. ಕಾಯೋ ಹೊತ್ತಲ್ಲಿ ಸುಮ್ಮನೆ ಕೂರೋದ್ಯಾಕೆ?

"ಸಿದ್ದರಾಮು ಅವರೇ," ಅಂದ್ಲು. "ಆಯುಧ ಪೂಜೆ ದಿನ ಟ್ಯಾಂಕಲ್ಲಿ ಎಷ್ಟಿತ್ತು?"

"ನಾನೂರ ಎಂಬತ್ತು. ಬರ್ದಿದ್ದೀನಲ್ಲ."

"ಪುಸ್ತಕ ಬರೆಯೋನು ಮನುಷ್ಯ, ಅಲ್ವಾ ಯಶೋದಮ್ಮನೋರೆ?"

ಯಶೋದಮ್ಮ ಕಂಪ್ಯೂಟರಿಂದ ಕಣ್ಣು ತೆಗೀದೆ "ಹೂಂ" ಅಂದ್ರು.

"ಪಟ್ಟಲಮ್ಮ ಅವತ್ತು ಬೆಳಗ್ಗೆ ಟ್ಯಾಂಕಿಗೆ ಬೊಟ್ಟಿಟ್ಲು. ಎಣ್ಣೆ ಇರೋ ತಾವು ತಗಡು ತಣ್ಣಗಿರ್ತದೆ, ಬೆವರ್ತದೆ. ಖಾಲಿ ಇರೋ ತಾವು ಬೇಗ ಬೆಚ್ಚಗಾಗಿ ಒಣಗ್ತದೆ. ಹದಿನಾಲ್ಕರಲ್ಲಿ ಕೆಳಗಿನ ಎರಡೇ ಬೊಟ್ಟು ಕರಗವೆ. ಅಂದ್ರೆ ಏಳರಲ್ಲಿ ಒಂದು ಪಾಲು ಎಣ್ಣೆ. ಐನೂರಕ್ಕೆ ಎಪ್ಪತ್ತು ಲೀಟರ್. ಆರು ಗಂಟೆ ಜನರೇಟರ್ ಓಡಿ ಅರವತ್ತು ಖರ್ಚಾಯ್ತು. ಮಿಕ್ಕ ಹತ್ತರಲ್ಲಿ ಇವತ್ತು ನಲವತ್ತು ನಿಮಿಷ ಓಡ್ತು. ಸರಿಯಾಗಿ ಹೊಂದ್ತದೆ. ನಿನ್ನೆ ಸಂಜೆಯಿಂದ ಒಂದು ಲೋಟನೂ ಕಳುವಾಗಿಲ್ಲ. ಕಳುವಾಗಿದ್ದು ಪೂಜೆಗೆ ಮುಂಚೆ. ಶಬ್ರೀನ್ ಕೆಲಸಕ್ಕೆ ಸೇರಿದ್ದು ಪೂಜೆ ಆದ ಮೇಲೆ."

ಸಿದ್ದರಾಮು ನಕ್ಕ. "ಚೆನ್ನಾಗದೆ ಮೇಡಂ. ಮಳೆ ಇರಚಲು ಹೊಡೆದು ಬೊಟ್ಟು ಕರಗಿದ್ರೆ?"

"ಶೆಡ್ಡಿಗೆ ಮೂರು ಕಡೆ ಗೋಡೆ ಅದೆ. ಇರಚಲು ಹೊಡೆದಿದ್ರೆ ಬಾಗಿಲ ಕಡೆ ಬೊಟ್ಟು ಮಾತ್ರ ಕರಗ್ಬೇಕಿತ್ತು. ಗೋಡೆ ಕಡೆ ಮೂಲೇಲೂ ಅದೇ ಎತ್ತರಕ್ಕೆ ಕರಗವೆ. ಮಳೆ ಪಟ್ಟಿ ಇಟ್ಕಂಡು ಗೆರೆ ಹೊಡೀತದಾ?"

"ಮುಳ್ಳು ಕೆಡಿಸಿದ್ದು ಯಾರು ಮತ್ತೆ? ಈ ಹುಡುಗೀನೇ."

"ಅದಕ್ಕೇ ಕಾಯ್ತಿದ್ದೆ." ಮರಿತಾಯಮ್ಮ ಮೊಬೈಲು ಮುಂದಕ್ಕಿಟ್ಲು. "ಮುಳ್ಳು ಕೆಡಿಸ್ಬೇಕು ಅಂದ್ರೆ ಡಬ್ಬಿ ಬಿಚ್ಚಬೇಕು. ಆರು ಬೋಲ್ಟು. ಆರರ ತಲೆ ಮೇಲೂ ಪಟ್ಟಲಮ್ಮ ಇಟ್ಟ ಗಂಧ ಕುಂಕುಮ ಒಣಗಿ ಹೆಪ್ಪುಗಟ್ಟಿ ಹಂಗೇ ಅದೆ. ಪೂಜೆ ಆದ ಮೇಲೆ ಅದಕ್ಕೆ ಸ್ಪ್ಯಾನರ್ ಬಿದ್ದಿಲ್ಲ. ಫೋಟೋ ಹೊಡೆದ ಮೇಲೆ, ನಿಮ್ಮ ಜವರಯ್ಯನ ಎದುರಿಗೇ ಬಿಚ್ಚಿಸ್ದೆ. ಶಬ್ರೀನ್, ಒಳಗೇನಿತ್ತು ಹೇಳವ್ವ."

"ತೇಲೋ ಗುಂಡಿನ ಕಡ್ಡೀನ ತಾಮ್ರದ ತಂತೀಲಿ ಮೇಲಕ್ಕೆತ್ತಿ ಕಟ್ಟವ್ರೆ. ತಂತಿ ಮೇಲೆ ಜಿಡ್ಡು ಕೂತದೆ. ತಿಂಗಳುಗಟ್ಟಲೆ ಹಳೇದು."

"ಬೀಗದ ಕೈ ಒಂದೇ. ಇದ್ದಿದ್ದು ನಿಮ್ಮ ಡ್ರಾದಲ್ಲಿ," ಅಂದ್ಲು ಮರಿತಾಯಮ್ಮ. "ಟ್ಯಾಂಕು ತುಂಬಿದ್ದಿದ್ರೆ ನಿನ್ನೆ ಎರಡು ಸಲ ಬಂದು ಪರೀಕ್ಷೆ ಬ್ಯಾಡ ಅಂತ ಯಾಕೆ ಗೋಗರೀಬೇಕಿತ್ತು? ಕರೆಂಟು ಹೋದ್ರೆ ಬಂಡವಾಳ ಆಚೆ ಬರ್ತದೆ ಅಂತ ಗೊತ್ತಿತ್ತು. ಮೇಡಂ ಬಗ್ಗಲಿಲ್ಲ. ಏಳಕ್ಕೇ ಕ್ಯಾನು ತಂದು ಬಚ್ಚಿಟ್ರಿ. ಶಬ್ರೀನ್ ಜನರೇಟರ್ ಹಚ್ಚಿ ಒಳಕ್ಕೆ ಬಂದ ಮೇಲೆ ಬೀಗ ಒಡೆದು, ಅವಳ ಸ್ಕೂಟರಿಗೆ ಕ್ಯಾನು ಇಟ್ರಿ."

ಹೊರಗೆ ಜೀಪಿನ ಡೀಸೆಲ್ ಕುಡಿದು ಜನರೇಟರ್ ಗುಡುಗುಡು ಅಂತಿತ್ತು.

ಸಿದ್ದರಾಮು ಕುರ್ಚಿ ಹಿಡ್ಕಂಡ. ಅವನ ಬೆಣ್ಣೆ ಕರಗಿತ್ತು.

"ಮೂರು ತಿಂಗಳ ಹಿಂದೇನೇ ಮುಚ್ತಾರೆ ಅಂತ ಆರ್ಡರ್ ಬಂದಿತ್ತಲ್ಲ," ಅಂದ. "ಸಾಯೋ ನೌಕೆ. ಮುಚ್ಚೋ ಆಫೀಸು. ಗುಜರಿಗೆ ಹೋಗೋ ಟ್ಯಾಂಕಿಗೆ ಕೋಲು ಹಾಕಿ ನೋಡೋರ್ಯಾರು ಅಂದ್ಕಂಡೆ. ಟ್ಯಾಂಕರ್ ಇಲ್ಲಿ ಗೇಟಿಗೆ ಬಂದು ಹೋಗ್ತಿತ್ತು, ಎಣ್ಣೆ ಭಾವಮೈದನ ಕಲ್ಲು ಕ್ರಷರಿಗೆ ಇಳೀತಿತ್ತು. ಈಯಮ್ಮ ಸುಮ್ಮನೆ ಒಪ್ಕಂಡಿದ್ರೆ ಇಷ್ಟೊತ್ತಿಗೆ ಎಲ್ಲ ಮುಗಿದಿರೋದು."

"ಅದೇ ನೀವು ತಪ್ಪಿದ್ದು," ಅಂದ್ಲು ಮರಿತಾಯಮ್ಮ. "ಮುದುಕ್ರು ಸತ್ತೋದ್ರು ಅಂತ ಉಸಿರಿರೋವಾಗ್ಲೇ ಬರ್ಕಂಡ್ರಿ."

"ವಸಿ ಸುಮ್ಮನಿರ್ತೀರಾ?" ಅಂದ್ರು ಯಶೋದಮ್ಮ. "ಅಂಕಿ ಬರ್ತಾ ಅದೆ."

*

ಮೂರು ಹತ್ತಕ್ಕೆ ಯಶೋದಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ರು.

ಎಣ್ಣೆ ಒಂದೇ ಕೆಜಿ ಇದ್ದಿದ್ರೆ ಟ್ಯಾಂಕಿನ ಶಾಖ ಒಂಬತ್ತು ಡಿಗ್ರಿ ಏರಬೇಕಿತ್ತು. ಏರಿದ್ದು ಎರಡು ಡಿಗ್ರಿ. ಎರಡಕ್ಕಿಂತ ಎಳ್ಳು ಕಾಳಿನಷ್ಟು ಕಮ್ಮಿನೇ.

"ಐದು ಕೆಜಿ," ಅಂದ್ರು. "ಅರ್ಧ ಕೆಜಿ ಆಚೆಈಚೆ. ಇನ್ನೂ ಎರಡು ವರ್ಷ ಸುತ್ತುತಾಳೆ."

ಬೆಂಗಳೂರಿಗೆ ಫೋನ್ ಹಚ್ಚಿದ್ರು. ಆ ಕಡೆಯೋರು ಏನೋ ಅಂದ್ರು. "ಅಭಿನಂದನೆ ಆಮೇಲೆ ಹೇಳಿ," ಅಂದ್ರು ಯಶೋದಮ್ಮ. "ನಾಳೆ ಮುಳುಗ್ಸೋ ಆರ್ಡರ್ ರದ್ದು ಅಂತ ಬರೆದು ಕಳಿಸಿ. ಈಗ್ಲೇ. ನಾನು ಲೈನಲ್ಲೇ ಇರ್ತೀನಿ."

ಐದು ನಿಮಿಷ ಲೈನಲ್ಲೇ ಇದ್ರು. ಬಂತು.

ಶಬ್ರೀನ್ ಹೊರಗೆ ಕ್ಯಾನು ಎತ್ತಿ ಬೆಳಕಿಗೆ ಹಿಡಿದು ನೋಡ್ತಿದ್ಲು. "ಮೇಡಂ, ನಿಮ್ಮ ಜೀಪಿಂದು ಒಂಬತ್ತು ಲೀಟರ್ ಉಳಿದದೆ. ವಾಪಸ್ ಹಾಕ್ಲಾ?"

"ಬ್ಯಾಡ. ಕರೆಂಟು ಐದಕ್ಕೆ ತಾನೇ ಬರೋದು. ಬಾಣಲೆ ಮಲಗೋಗಂಟ ಓಡ್ಲಿ." ಮರಿತಾಯಮ್ಮ ಟೋಪಿ ಹಾಕ್ಕಂಡ್ಲು. "ನೀನು ಮದ್ದೂರಿಗೆ ಫೋನ್ ಮಾಡಿ ನಿಮ್ಮಪ್ಪಂಗೆ ಹೇಳು. ಬೇರೆಯೋರು ಹೇಳೋಕ್ ಮುಂಚೆ ನೀನೇ ಹೇಳು."

ಶಬ್ರೀನ್ ಆಗ ಒಂದು ಹನಿ ಕಣ್ಣೀರು ಹಾಕಿದ್ಲು. ಮಸಿ ಕೈಯಲ್ಲೇ ಒರೆಸ್ಕಂಡ್ಲು. ಕೆನ್ನೆಗೆ ಒಂದು ಕಪ್ಪು ಗೆರೆ ಬಿತ್ತು.

ಸ್ವರೂಪ್ ಜೀಪಿನ ಪಕ್ಕ ಸಪ್ಪೆ ಮುಖ ಹಾಕ್ಕಂಡು ನಿಂತಿದ್ದ. "ಮೇಡಂ, ಇವರನ್ನ ಎಂಗೆ ಕರ್ಕಂಡು ಓಗೋದು?"

"ರೋಡಿಗೆ ನಡಿ. ಮೂರೂ ಮುಕ್ಕಾಲಿಗೆ ಕೆಂಪು ಬಸ್ಸದೆ."

ಬಸ್ಸು ಬಂತು. ಹಿಂದಿನ ಸೀಟಲ್ಲಿ ನಡುವೆ ಸಿದ್ದರಾಮು, ಒಂದು ಪಕ್ಕ ಸ್ವರೂಪ್, ಇನ್ನೊಂದು ಪಕ್ಕ ಮರಿತಾಯಮ್ಮ. ಸಂತೆ ಚೀಲದ ಹೆಂಗಸರೆಲ್ಲ ತಿರುತಿರುಗಿ ನೋಡುದ್ರು. ಇನ್ಸ್‌ಪೆಕ್ಟರ ಫೋನು ಜೇಬಲ್ಲಿ ಕುಯ್ ಕುಯ್ ಅಂತಿತ್ತು. ಅವಳು ತೆಗೀಲಿಲ್ಲ.

ಕಂಡಕ್ಟರು ಬಂದ. "ಎಲ್ಲಿಗಮ್ಮ?"

"ಮಳವಳ್ಳಿ. ನಂಗೆ ಫ್ರೀ. ಇವನು ನಮ್ ಡ್ರೈವರು, ಇವನಿಗೊಂದು ಕೊಡು, ದುಡ್ಡು ನಾನು ಕೊಡ್ತೀನಿ."

"ನಡುವೆ ಇರೋರು?"

ಮರಿತಾಯಮ್ಮ ಸಿದ್ದರಾಮು ಕಡೆ ತಿರುಗುದ್ಲು.

"ಅವ್ರ ಟಿಕೇಟು ಅವ್ರೇ ತಗತಾರೆ," ಅಂದ್ಲು. "ಹೋಗಕ್ಕೆ ಮಾತ್ರ ಕೊಡು ಸಾಕು."